ಹತ್ತೂಕಾಲು

ಕೊನೆಯ ಟ್ರಿಪ್ ಮುಗಿಸಿ ಕುಂಜತ್ತಬೈಲಿನಲ್ಲಿ ಬಸ್ಸು ಇಟ್ಟು
ಲ್ಯಾನ್ಸಿ ಅವನ ದಾರಿ ಹಿಡಿದ, ನಾನು ನನ್ನದು.
ಗಂಟೆ ಹತ್ತೂಕಾಲು. ಬಬಿತ ಬಂಗುಡೆ ಸಾರು ಬಿಸಿಗಿಟ್ಟಿದ್ದಾಳೆ.
ಮಿಥಿಲಾ ಹಾಸಿಗೆಯಲ್ಲಿ ನೆಟ್ಟಗೆ ಕೂತಿದ್ದಾಳೆ,
ಕಣ್ಣೆದುರೇ ಬಸ್ಸು ತಪ್ಪಿಹೋದವಳ ಮುಖ,
ಎದೆಗೆ ಒತ್ತಿಕೊಂಡ ಪುಸ್ತಕ.
"ಎಷ್ಟು ಲೇಟು ಪಪ್ಪ. ಏಡಿ ಆಗಿನಿಂದ ಕಾಯ್ತಾ ಉಂಟು."

ಅದೇ ಕಥೆ.
ಕಡಲ ಬದಿಯ ಮಾಟೆಯಲ್ಲಿ ಒಂದು ಏಡಿ,
ಕಾಲುಚೀಲ ಹಾಕದೆ ಅದಕ್ಕೆ ನಿದ್ದೆಯಿಲ್ಲ.
ಒಂದು ಹಾಕಿತು. ಎರಡು ಹಾಕಿತು. ಮೂರು...
ಅಷ್ಟರಲ್ಲಿ ಯಾರೋ ಬಾಗಿಲು ತಟ್ಟುತ್ತಾರೆ.
ಸಿಗಡಿಗೆ ಒಂದು ಲೋಟ ಸಕ್ಕರೆ ಬೇಕು.
ಮರುವಾಯಿ "ಸುಮ್ಮನೆ ಬಂದೆ" ಅಂದು ಕೂತೇ ಬಿಡುತ್ತದೆ.
ಆಮೆ ಗಂಟೆ ಎಷ್ಟೆಂದು ಕೇಳಿದರೆ ಏಡಿ "ಹತ್ತೂಕಾಲು" ಅನ್ನುತ್ತದೆ,
ಅಂದು, ಹತ್ತೂ ಕಾಲಿಗೆ ಆಯಿತೆಂದೇ ತಿಳಿದು ಮಲಗುತ್ತದೆ,
ಮಲಗಿ, ಚಳಿ ಹತ್ತಿ, ಏಳುತ್ತದೆ.
ಲೆಕ್ಕ ತಪ್ಪಿತು. ಎಲ್ಲ ಬಿಚ್ಚಿ ಮತ್ತೆ ಒಂದರಿಂದ.

ಓದುವವನು ನಾನು, ಎಣಿಸುವವನೂ ನಾನೇ.
ತೊಡೆಯ ಮೇಲೆ ಪುಸ್ತಕ, ಪಕ್ಕದಲ್ಲಿ ಚರ್ಮದ ಚೀಲ,
ಬೆಳಿಗ್ಗೆ ಧಣಿಗೆ ಒಪ್ಪಿಸಬೇಕಾದ ಕಲೆಕ್ಷನ್.
ಹತ್ತರ ನೋಟು ಇಪ್ಪತ್ತಮೂರು, ಇಪ್ಪತ್ತನಾಲ್ಕು...
"ಪಪ್ಪ, ಸಿಗಡಿಗೆ ಸಕ್ಕರೆ ಎಂತಕ್ಕೆ?"
"ಚಾಕ್ಕೆ."
"ನೀರಿನೊಳಗೆ ಒಲೆ ಹೊತ್ತುತ್ತದಾ?"
ಲೆಕ್ಕ ತಪ್ಪಿತು. ಎಲ್ಲ ಬಿಚ್ಚಿ ಮತ್ತೆ ಒಂದರಿಂದ.

ಇಲ್ಲಿಯವರೆಗೆ ಸಸಾರ. ಕಷ್ಟ ಏಳನೇ ಪುಟದಲ್ಲಿ.
ಏಳನೇ ಪುಟದ ಏಡಿಗೆ ಒಂಬತ್ತೇ ಕಾಲು.
ಚಿತ್ರ ಬರೆದವರಿಗೆ ಆಗಲೇ ಯಾರೋ ಊಟಕ್ಕೆ ಕರೆದಿರಬೇಕು,
ಅಥವಾ ಅವರ ಮನೆಯಲ್ಲೂ ಇಂಥದ್ದೊಂದು ಮಗು ಇರಬೇಕು.
"ಇನ್ನೊಂದು ಎಲ್ಲಿ?"
ಬೆರಳು ಅಲ್ಲೇ ಊರಿದೆ, ಹ್ಯಾಂಡ್‌ಬ್ರೇಕ್ ಎಳೆದ ಹಾಗೆ.

ಸೋಮವಾರ ಹೇಳಿದೆ: ಹೊಟ್ಟೆಯಡಿ ಮಡಚಿಟ್ಟಿದೆ.
ಮಂಗಳವಾರ: ಒಗೆದು ಹಾಕಿದೆ, ಒಣಗಿಲ್ಲ.
ಬುಧವಾರ ಬಾಯಿ ತಪ್ಪಿ: ಅಮ್ಮ ಸುಕ್ಕ ಮಾಡಿದ್ದಳಲ್ಲ, ಅದೇ.
ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಮಲಗಲಿಲ್ಲ.
ಗುರುವಾರ ಸುಧಾರಿಸಿಕೊಂಡು: ಬಸ್ಸಿನಲ್ಲಿ ಮರೆತು ಇಳಿದಿದೆ ಮಗಾ.
ಕೊಡೆ, ಬುತ್ತಿಡಬ್ಬಿ, ಒಮ್ಮೆ ಒಂದು ಹಲ್ಲಿನ ಸೆಟ್ಟು,
ಎಲ್ಲ ಮರೆತು ಇಳಿಯುವ ಊರಿದು; ಒಂದು ಕಾಲು ಯಾವ ಲೆಕ್ಕ.
"ಹುಡುಕಿದ್ಯಾ? ಲಾಸ್ಟ್ ಸೀಟಿನಡಿ?"

ಶುಕ್ರವಾರ ನಾನು ನಿಜವಾಗಿಯೂ ಬಗ್ಗಿ ನೋಡಿದೆ.
ಯಾಕೆಂದು ಕೇಳಬೇಡಿ.
ಕನ್ನಡಿಯೊಳಗಿಂದ ಲ್ಯಾನ್ಸಿ: "ದಾದ ನಾಡುನಿ ಮಾರಾಯಾ?"
"ದೆಂಜಿದ ಕಾರ್" ಎಂದೆ.
ಏಡಿಯ ಕಾಲು ಹುಡುಕುವವನ ಜೊತೆ
ಕೊಟ್ಟಾರಚೌಕಿಯವರೆಗೂ ಅವನು ಮಾತಾಡಲಿಲ್ಲ.

ಶನಿವಾರ ಬಸ್ಸಿಡೀ ಮದುವೆ ಜನ,
ಮಲ್ಲಿಗೆ, ಬೆವರು, ಚಿಲ್ಲರೆ ಇಲ್ಲ, ಚಿಲ್ಲರೆ ಇಲ್ಲ.
ಮೂರನೇ ಪುಟಕ್ಕೇ ನಾನು ಉರುಳಿದೆ.
ನಿದ್ದೆಯಲ್ಲೇ "ಪಿರ ಪೋಲೆ, ಪಿರ ಪೋಲೆ" ಎಂದೆನಂತೆ,
ಮಿಥಿಲಾ ದಿಂಬು ಎತ್ತಿಕೊಂಡು ಶಿಸ್ತಾಗಿ ಹಿಂದೆ ಸರಿದಳಂತೆ.
ಉಳಿದ ಕಥೆಯನ್ನು ಚಿತ್ರ ನೋಡಿ ತಾನೇ ಓದಿ ಮುಗಿಸಿ,
ಬೆಳಿಗ್ಗೆಯಿಂದ ನಾನು ತೊಟ್ಟು ಕಳಚಿದ್ದ ಕಾಲುಚೀಲ
ಹಿಡಿದೆಳೆದು ನನಗೇ ತೊಡಿಸಿ
"ಪಪ್ಪನಿಗೆ ಎರಡೇ. ಬೇಗ ಆಯ್ತು" ಅಂದಳಂತೆ.
ಸಾಕ್ಷಿ ಬಬಿತ, ಬಾಗಿಲಲ್ಲಿ, ಸೆರಗಿನಿಂದ ಮೂಗು ಮುಚ್ಚಿಕೊಂಡು.

ಎದ್ದು ನೋಡಿದರೆ ಏಳನೇ ಪುಟದಲ್ಲಿ
ನನ್ನ ಜೇಬಿನ ನೀಲಿ ಪೆನ್ನಿನಿಂದ ಹತ್ತನೇ ಕಾಲು.
ಸ್ವಲ್ಪ ಸೊಟ್ಟ, ಉಳಿದವುಗಳಿಗಿಂತ ಉದ್ದ,
ಮಡಚಿದ ಪ್ಯಾಂಟಿನ ತುದಿ ಸಮೇತ.

ಪುಸ್ತಕ ನಮ್ಮದಲ್ಲ, ಅಂಗನವಾಡಿಯದು.
ಹಿಲ್ಡಾ ಟೀಚರು ಕನ್ನಡಕ ಏರಿಸಿ ಬೆರಳಿಟ್ಟು ಎಣಿಸಿದರು,
ನಾನು ದಂಡಕ್ಕೆ ಇಪ್ಪತ್ತರ ನೋಟು ತೆಗೆದು ನಿಂತಿದ್ದೆ.
"ಈಗ ಹನ್ನೊಂದು ಉಂಟಲ್ಲ?"
ಹೌದು. ಏಡಿಯ ಬೆನ್ನ ಮೇಲೆ ಇನ್ನೊಂದು,
ಹಗ್ಗದಲ್ಲಿ ಬಿಗಿದು, ಅಡ್ಡ ಮಲಗಿಸಿದ್ದು.

ಮಿಥಿಲಾ ನನ್ನತ್ತ ನೋಡಿದಳು,
ಇಷ್ಟೂ ಗೊತ್ತಿಲ್ಲದವರು ಟೀಚರಾಗುವುದು ಹೇಗೆ ಎಂಬಂತೆ.
"ಅದು ಸ್ಟೆಪ್ನಿ."